ಕಂದು ಪಟ್ಟಿಯ ಬೂಟು

ತನ್ನ ಕಣ್ಣಿನ ಬಗ್ಗೆ ಎನಕ್ ಬ್ರಾಕ್ಸ್‌ಬಿಗೆ ಯಾವತ್ತೂ ಅನುಮಾನವಿರಲಿಲ್ಲ. ಅರ್ಧ ಮೈಲಿ ದೂರದಲ್ಲಿ ಕುದುರೆ ಮೇಲಿರುವವನ ಮುಖ ಕಾಣದಿದ್ದರೂ ಅವನ ಟೈಯ ಗಂಟು ಯಾರು ಹಾಕಿದ್ದು, ಹೆಂಡತಿಯೋ ಆಳೋ ಅವನೇ ತಡಕಾಡಿ ಹಾಕಿಕೊಂಡದ್ದೋ, ಹೇಳಬಲ್ಲವನು ಅವನು. ಬೂಟಿನ ಕತ್ತು ಅರ್ಧ ಇಂಚು ಗಿಡ್ಡವಾದರೆ ಅವನಿಗೆ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿತ್ತು. ಅಂಥವನು ಅಕ್ಟೋಬರಿನ ಕೊನೆಯ ಗುರುವಾರ ಬೆಳಿಗ್ಗೆ ತನ್ನದೇ ಮಲಗುವ ಕೋಣೆಯಲ್ಲಿ, ಮಂಚದ ಮೇಲೆ ಹರಡಿದ್ದ ಎರಡು ಕೋಟುಗಳ ಮುಂದೆ, ಯಾವುದಕ್ಕೂ ಕೈ ಹಾಕದೆ ಕಾಲು ಗಂಟೆಯಿಂದ ನಿಂತಿದ್ದ. ಎಡಕ್ಕಿದ್ದದ್ದು ಕಪ್ಪು. ಅವನ ಸ್ವಂತದ್ದು, ಮೊಣಕೈ ಸ್ವಲ್ಪ ಹೊಳೆಯುತ್ತಿದ್ದುದನ್ನು ಬಿಟ್ಟರೆ ಗಟ್ಟಿಯಾಗಿತ್ತು. ಬಲಕ್ಕಿದ್ದದ್ದು ಕೆಂಪು. ಅದು ನಿನ್ನೆ ಪೆಟ್ಟಿಗೆಯಲ್ಲಿ, ತೆಳು ಕಾಗದದ ನಡುವೆ, ಕರ್ನಲ್ ಫೆನ್ವಿಕ್‌ರ ಮನೆಯಿಂದ ಬಂದಿತ್ತು. ಸೋಮವಾರ ಬೇಟೆಯ ಋತು ಶುರು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಇಡೀ ಸೀಮೆಯ ಮುಂದೆ ಈ ಎರಡರಲ್ಲಿ ಒಂದರೊಳಗೆ ಅವನು ಇರಬೇಕಾಗಿತ್ತು.

ಕೆಂಪು ಕೋಟು ಅವನಿಗೆ ಹೊಸದೇನಲ್ಲ. ಮೂವತ್ತೊಂದು ವರ್ಷ ಕೋಲ್ಡ್‌ಬಿ ನರಿಬೇಟೆ ಕೂಟದ ಸಂಬಳದ ಬೇಟೆಗಾರನಾಗಿ, ಕೊಂಬು ಊದುತ್ತ, ನಲವತ್ತು ಬೇಟೆನಾಯಿಗಳನ್ನು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತ, ನರಿಯ ಜಾಡಿನ ಮೇಲೆ ದೊರೆಗಳನ್ನೂ ದೊರೆಸಾನಿಗಳನ್ನೂ ಬೇಲಿ ಹಾರಿಸಿ ಹಾರಿಸಿ ಬೆವರಿಳಿಸಿದವನು ಅವನೇ. ಆದರೆ ಆ ಕೋಟು ಕೂಟದ್ದು. ಎದೆಯ ಮೇಲೆ ಐದು ಹಿತ್ತಾಳೆ ಗುಂಡಿ, ಇವನು ಸಂಬಳದವನೆಂದು ದೂರದಿಂದಲೇ ಗೊತ್ತಾಗಲಿ ಎಂದು. ಚಂದಾ ಕೊಟ್ಟು ಬರುವ ದೊಡ್ಡವರಿಗೆ ಮೂರೇ. ಏಪ್ರಿಲಿನಲ್ಲಿ ನಿವೃತ್ತನಾದ ದಿನ ಮೂರು ಕೋಟು, ಎರಡು ಜೊತೆ ಬೂಟು, ಒಂದು ಟೊಪ್ಪಿ, ಎಲ್ಲವನ್ನೂ ನಾಯಿಮನೆಯ ಮೇಜಿನ ಮೇಲೆ ತಾನೇ ನೀಟಾಗಿ ಮಡಚಿಟ್ಟು ಬಂದಿದ್ದ. ಹೋದ ವಾರ ಹಾದಿಯಲ್ಲಿ ಹೊಸ ಬೇಟೆಗಾರ ಡೆನ್ನಿಸ್ ಎದುರಾದ. ಮೈಮೇಲೆ ಎನಕನ ಎರಡನೇ ಕೋಟು. ಬೆನ್ನ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದರು, ಸುಮಾರಾಗಿ ಮಾಡಿದ್ದರು. ಡೆನ್ನಿಸ್ ನಕ್ಕು ಕೈ ಎತ್ತಿದ. ಎನಕ್ ಕೋಟಿಗೆ ತಲೆ ಬಾಗಿಸಿದನೋ ಹುಡುಗನಿಗೋ ಅವನಿಗೇ ತಿಳಿಯಲಿಲ್ಲ.

ಈಗ ಮೂರು ಗುಂಡಿಯ ಕೋಟು ಬಂದಿದೆ. ಕರ್ನಲ್ಲರ ತೀರಿಹೋದ ತಮ್ಮನದು. ಜೊತೆಗೆ ಕಾಗದ: 'ಪ್ರಿಯ ಮಿಸ್ಟರ್ ಬ್ರಾಕ್ಸ್‌ಬಿ, ಸೋಮವಾರ ನಮ್ಮ ಅತಿಥಿಯಾಗಿ ನಮ್ಮ ಜೊತೆ ಸವಾರಿಗೆ ಬರಬೇಕು. ಕುದುರೆ ನಾನು ಕಳಿಸುತ್ತೇನೆ. ಕೂಟದ ಗುಂಡಿ ಧರಿಸುವ ಹಕ್ಕನ್ನು ಕೂಟದ ಯಜಮಾನನಾಗಿ ನಿಮಗೆ ಕೊಡಲು ನನಗೆ ಸಂತೋಷ.' ಮೂವತ್ತೊಂದು ವರ್ಷ ಬರೀ 'ಬ್ರಾಕ್ಸ್‌ಬಿ' ಎಂದು ಕೂಗಿದ ಬಾಯಿ ಈಗ ಮಿಸ್ಟರ್ ಎನ್ನುತ್ತಿತ್ತು. ಖುಷಿಯಾಗಿತ್ತು, ಅದನ್ನು ಬಚ್ಚಿಡುವುದೇನು. ನಿನ್ನೆಯಿಂದ ಆ ಕಾಗದವನ್ನು ನಾಲ್ಕು ಸಲ ಓದಿದ್ದ. ಆದರೆ ಸತ್ತವನ ಕೋಟಿನ ತೋಳಿಗೆ ಕೈ ತೂರಿಸುವ ಮೊದಲು ಯಾಕೋ ಕೈಯನ್ನು ಎರಡು ಸಲ ತೊಳೆದುಕೊಂಡಿದ್ದ.

"ಅಲ್ರೀ, ಕೋಟು ನೋಡ್ತಿದೀರೋ, ಅದಕ್ಕೆ ಜ್ವರ ಅಂತ ಕಾವಲು ಕೂತಿದೀರೋ?" ಎಡ್ನಾ ಬಾಗಿಲಲ್ಲಿ ಟೀ ಬಟ್ಟಲು ಹಿಡಿದು ನಿಂತಿದ್ದಳು. ಮೂವತ್ತನಾಲ್ಕು ವರ್ಷದ ಹೆಂಡತಿ. ಮದುವೆಗೆ ಮುಂಚೆ ಫೆನ್ವಿಕ್‌ರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು.

"ಕರೀದೇ ಸಾಕು ಅನ್ಸುತ್ತೆ."

"ಸಾಕು ಅನ್ಸೋದು ನಿಮಗೆ. ನಂಗೆ ಸಾಕಾಗಿಲ್ಲ. ಮೂವತ್ತು ವರ್ಷ ಆ ಕೆಂಪಿನ ಮೇಲಿಂದ ಕೆಸರು ಕೆರೆದೋಳು ನಾನು. ಒಂದೇ ಒಂದ್ಸಲ ಮೂರು ಗುಂಡೀಲಿ ನೋಡ್ಬೇಕು. ಆಮೇಲೆ ಬೇಕಾದ್ರೆ ಗೋಣಿಚೀಲ ಹಾಕ್ಕೊಳ್ಳಿ."

"ಕೆಂಪು ಹಾಕಿದ್ರೆ ಕಂದು ಪಟ್ಟಿ ಬೂಟು ಬೇಕು. ನನ್ನ ಹತ್ರ ಇರೋದು ಕರಿ ಬೂಟು."

"ಟಾಲಂಟ್ ಅಂಗಡಿ ಮುಚ್ಚಿಲ್ವಲ್ಲ? ಹತ್ತೂವರೆ ಬಸ್ಸು ಇದೆ. ಟೀ ಕುಡೀರಿ, ಹೊರಡಿ."

ನಿಯಮ ಅಷ್ಟು ಸರಳವಾಗಿತ್ತು, ಅವನು ಅದನ್ನು ಯಾರಿಂದಲೂ ಕಲಿತಿರಲಿಲ್ಲ, ಉಸಿರಾಟದಂತೆ ಬಂದಿತ್ತು: ಕೆಂಪು ಕೋಟಿಗೆ ಮೊಣಕಾಲ ಕೆಳಗೆ ಕಂದು ಚರ್ಮದ ಪಟ್ಟಿಯಿರುವ ಬೂಟು. ಕಪ್ಪು ಕೋಟಿಗೆ, ಅಂದರೆ ರೈತರಿಗೆ, ಹೊಸಬರಿಗೆ, ಕೂಟದ ಗುಂಡಿ ಸಿಗದವರಿಗೆ, ಅಪ್ಪಟ ಕಪ್ಪು ಬೂಟು. ಇದರಲ್ಲಿ ಅವಮಾನವೇನಿಲ್ಲ ಎಂದು ಅವನು ಅನೇಕ ಹೊಸಬರಿಗೆ ತಾನೇ ಹೇಳಿದ್ದ. ಬಸ್ಸಿನ ಕಿಟಕಿಯ ಪಕ್ಕ ಕೂತು, ಉತ್ತು ಬಿಟ್ಟ ಹೊಲಗಳು ಹಿಂದಕ್ಕೆ ಸರಿಯುವುದನ್ನು ನೋಡುತ್ತ, ಯಾವ ಬೇಲಿಯನ್ನು ಯಾವ ವರ್ಷ ಹಾರಿದ್ದೆನೆಂದು ಲೆಕ್ಕ ಹಾಕುವುದು ಅವನಿಗೆ ಸುಖ ಕೊಡುತ್ತಿತ್ತು. ಈ ದಾರಿಯಲ್ಲಿ ಒಂದೇ ಒಂದು ಕಡೆ ಮಾತ್ರ ಅವನು ತಲೆ ಆಚೆ ತಿರುಗಿಸುತ್ತಿದ್ದ. ಲೋ ಗಾರ್ಸ್ ಹೊಲದ ಗೇಟು. ಐದು ಅಡ್ಡಪಟ್ಟಿ, ಸುಣ್ಣ ಬಳಿದ ಕಂಬ. ಇವತ್ತೂ ತಿರುಗಿಸಿದ. ಪಕ್ಕದ ಹೆಂಗಸು ತನ್ನ ಬುಟ್ಟಿಯೊಳಗಿನ ಹೂಕೋಸನ್ನು ಇವನು ಯಾಕೆ ಇಷ್ಟು ಗಮನವಿಟ್ಟು ನೋಡುತ್ತಿದ್ದಾನೋ ಎಂದು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

ಯುದ್ಧ ಮುಗಿದ ನಾಲ್ಕನೇ ವರ್ಷ, ಋತುವಿನ ಮೊದಲ ದಿನ, ಇಬ್ಬನಿ ಇನ್ನೂ ಹುಲ್ಲಿನ ಮೇಲಿತ್ತು. ರೂಬೆನ್ ಹ್ಯಾಕೆಟ್ ಆ ವರ್ಷವಷ್ಟೇ ಲೋ ಗಾರ್ಸ್ ಗುತ್ತಿಗೆಗೆ ಹಿಡಿದು ಬಂದ ರೈತ. ದಪ್ಪ ಕುತ್ತಿಗೆ, ಕೆಂಪು ಕಿವಿ, ಹೊಲ ಉಳುವ ಕುದುರೆಯನ್ನೇ ತಿಕ್ಕಿ ತೊಳೆದು ಏರಿ ಬಂದಿದ್ದ. ಮೈಮೇಲೆ ಕಪ್ಪು ಕೋಟು. ಕಾಲಲ್ಲಿ ಕಂದು ಪಟ್ಟಿಯ ಬೂಟು. ಎನಕ್ ನಾಯಿಗಳ ಮಧ್ಯೆ ಕುದುರೆ ಮೇಲಿದ್ದ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿತ್ತು, ನಾಯಿಗಳು ಹೇಳಿದಂತೆ ಕೇಳುತ್ತಿದ್ದವು, ಎಲ್ಲರ ಕಣ್ಣೂ ತನ್ನ ಮೇಲಿತ್ತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟ. "ಇದೇನ್ರಪ್ಪಾ, ಸೊಂಟದ ಮೇಲೆ ರೈತ, ಮೊಣಕಾಲ ಕೆಳಗೆ ಲಾರ್ಡು! ಯಾವ ಅರ್ಧಕ್ಕೆ ನಾನು ಟೊಪ್ಪಿ ತೆಗೀಲಿ?" ಮೊದಲು ನಕ್ಕವರು ಕರ್ನಲ್. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು, ಸವಾರರಿಗೆ ವೈನ್ ಹಂಚುತ್ತಿದ್ದ ಹೆಂಡದಂಗಡಿಯವನೂ ತಟ್ಟೆ ಹಿಡಿದುಕೊಂಡೇ ನಕ್ಕ. ಹ್ಯಾಕೆಟ್ ತನ್ನ ಬೂಟನ್ನು ನೋಡಿಕೊಂಡ, ಆಮೇಲೆ ಪಕ್ಕದವರ ಬೂಟನ್ನು ನೋಡಿದ, ತಪ್ಪು ಎಲ್ಲಿದೆಯೆಂದು ಅವನಿಗೆ ಅರ್ಥವಾಗುವುದು ಎಲ್ಲರಿಗೂ ಕಾಣಿಸಿತು. ಕುದುರೆ ತಿರುಗಿಸಿಕೊಂಡು ಹೋದ. ಮತ್ತೆ ಯಾವತ್ತೂ ಸವಾರಿಗೆ ಬರಲಿಲ್ಲ.

ಹೊಲದ ಬಾಗಿಲು ಹಾಕಿಬಿಟ್ಟಿದ್ದರೆ ಎನಕನಿಗೆ ಸಲೀಸಾಗುತ್ತಿತ್ತು. ಸಿಟ್ಟಿನ ಮನುಷ್ಯ, ಸಣ್ಣ ಬುದ್ಧಿ ಎಂದು ಬೈದು ಮರೆಯಬಹುದಿತ್ತು. ಹ್ಯಾಕೆಟ್ ಹಾಗೆ ಮಾಡಲಿಲ್ಲ. ಆ ಸೀಮೆಯಲ್ಲೇ ಒಳ್ಳೆಯ ನರಿ ಪೊದೆ ಇದ್ದದ್ದು ಅವನ ಹೊಲದ ಅಂಚಿನಲ್ಲಿ. ಪ್ರತಿ ವರ್ಷ ಮೊದಲ ದಿನ ಮೊದಲ ಹುಡುಕಾಟ ಅಲ್ಲೇ. ಪ್ರತಿ ವರ್ಷವೂ ಹ್ಯಾಕೆಟ್ ಕೆಸರಿನ ರಬ್ಬರ್ ಬೂಟು ಹಾಕಿಕೊಂಡು, ತಾನೇ ಬಂದು, ಗೇಟು ತೆರೆದು ಹಿಡಿದು ನಿಲ್ಲುತ್ತಿದ್ದ. "ಥ್ಯಾಂಕ್ಯು ಮಿಸ್ಟರ್ ಹ್ಯಾಕೆಟ್" ಎಂದು ಎನಕ್ ಹೇಳುತ್ತಿದ್ದ. ಹ್ಯಾಕೆಟ್ ನಾಯಿಗಳನ್ನು ನೋಡುತ್ತಿದ್ದ. ಹದಿಮೂರು ವರ್ಷದಲ್ಲಿ ಹದಿಮೂರು ಥ್ಯಾಂಕ್ಯು ಆ ಗೇಟಿನ ಹತ್ತಿರ ಬಿದ್ದುಹೋಗಿದ್ದವು. ಒಂದು ವರ್ಷ ಅವನ ತೋಳಿಗೆ ಕಪ್ಪು ಪಟ್ಟಿ ಇತ್ತು. ಹೆಂಡತಿ ತೀರಿಕೊಂಡಳೆಂದು ಎನಕನಿಗೆ ಆಮೇಲೆ ಗೊತ್ತಾಯಿತು. ಆಗಲೂ ಅವನು ಹೇಳಿದ್ದು ಥ್ಯಾಂಕ್ಯುವೇ.

ಟಾಲಂಟ್ ಅಂಗಡಿಯೊಳಗೆ ಕಾಲಿಟ್ಟರೆ ಮೇಣದ, ಚರ್ಮದ ವಾಸನೆ. ಆ ವಾಸನೆಯಲ್ಲಿ ಎನಕನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅಪ್ಪ ಸತ್ತ ಮೇಲೆ ಮಗಳು ವಿನ್ನಿ ಟಾಲಂಟ್ ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಮದುವೆಯಾಗದವಳು, ಐವತ್ತರ ಹತ್ತಿರ, ಬಾಯಲ್ಲಿ ಸದಾ ಒಂದೆರಡು ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದಳು.

"ಬನ್ನಿ ಬನ್ನಿ. ಅಂತೂ ಬೇಟೆಗಾರರು ತಮ್ಮ ಸ್ವಂತ ಕಾಲಿಗೆ ಬೂಟು ಕೊಳ್ಳೋಕೆ ಬಂದ್ರು. ಇಷ್ಟು ದಿನ ಕೂಟದ ಕಾಲಿಗೆ ಕೊಳ್ತಿದ್ರಿ."

"ಸೋಮವಾರಕ್ಕೆ ಬೇಕು ವಿನ್ನಿ. ಕಂದು ಪಟ್ಟೀದು."

"ಹೊಸದು ಹೊಲಿಯೋಕೆ ಫೆಬ್ರವರಿ ಆಗುತ್ತೆ. ಅಷ್ಟೊತ್ತಿಗೆ ನರಿಗಳೂ ಸುಸ್ತಾಗಿರ್ತವೆ. ಯಾರೋ ಹಾಕಿ ಬಿಟ್ಟಿದ್ದು ಎರಡು ಜೊತೆ ಇದೆ, ನೋಡಿ."

ಇದು ಅವನ ಸಾಮ್ರಾಜ್ಯ. ಮೊದಲನೆಯ ಜೊತೆಯನ್ನು ಮುಟ್ಟಲೂ ಇಲ್ಲ. "ಪಟ್ಟಿ ಹಳದಿ ತಿರುಗಿದೆ. ಇದನ್ನ ಯಾವನೋ ಬಿಸಿಲಲ್ಲಿ ಒಣಗಿಸಿದಾನೆ. ಬೂಟಿಗೆ ಬುದ್ಧಿ ಬರುತ್ತೆ, ಅವನಿಗೆ ಬರಲ್ಲ." ಎರಡನೆಯದನ್ನು ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು ಕೆಳಗಿಟ್ಟ. "ಕತ್ತು ಗಿಡ್ಡ." ಅವಳು ಅಳತೆ ಪಟ್ಟಿ ತೆಗೆದು ನೋಡಿದಳು, ಅರ್ಧ ಇಂಚು ಗಿಡ್ಡವಿತ್ತು. ಅವನು ಮೀಸೆಯಲ್ಲಿ ನಕ್ಕ. ನಿವೃತ್ತನಾದ ಮೇಲೆ ಇಷ್ಟು ಹಾಯೆನಿಸಿದ್ದು ಇದೇ ಮೊದಲು. ಕೋಟು ವಾಪಸು ಕೊಟ್ಟಿದ್ದೆ, ಕಣ್ಣು ವಾಪಸು ಕೊಟ್ಟಿಲ್ಲ ಎಂದುಕೊಂಡ. ವಿನ್ನಿ ಅವನನ್ನೇ ಒಂದು ಕ್ಷಣ ನೋಡಿದಳು. ಬಾಯಿಂದ ಮೊಳೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಒಂದು ಬಟ್ಟೆ ಚೀಲ ತಂದು, ಅದರ ಬಾಯಿಯ ದಾರ ಬಿಚ್ಚಿ, ಒಳಗೆ ಮರದ ಅಚ್ಚು ತುಂಬಿದ್ದ ಒಂದು ಜೊತೆ ಬೂಟನ್ನು ಅವನ ಮುಂದೆ ನಿಲ್ಲಿಸಿದಳು.

ಹಳೆಯ ಮೇಜಿನ ಬಣ್ಣದ ಪಟ್ಟಿ. ಸ್ವಲ್ಪ ಬೆಳಕಿಗೆ ತಿರುಗಿಸಿದರೆ ಒಳಗೆಲ್ಲೋ ಮಾಗಿದ ಪ್ಲಮ್ ಹಣ್ಣಿನ ಕೆಂಪು. ಈಗ ಯಾರೂ ಹೀಗೆ ಬಣ್ಣ ಹಾಕುವುದಿಲ್ಲ. ಅಜ್ಜಂದಿರ ಕಾಲದ ಕೆಲಸ. ಈ ಬಣ್ಣವನ್ನು ಅವನು ಜೀವನದಲ್ಲಿ ಒಂದೇ ಸಲ ನೋಡಿದ್ದ, ಒಂದು ಮಾತು ಆಡಿ ಮುಗಿಸುವಷ್ಟು ಹೊತ್ತು. ಅಷ್ಟು ಸಾಕಾಗಿತ್ತು. ತನ್ನ ಕಣ್ಣಿನ ಮೇಲೆ ಅವನಿಗೆ ಮೊದಲ ಬಾರಿ ಸಿಟ್ಟು ಬಂತು.

"ಇದು ಹ್ಯಾಕೆಟ್‌ದು" ಎಂದ.

"ಹೂಂ. ಗುರುತು ಹಿಡೀತೀರಿ ಅಂತ ಗೊತ್ತಿತ್ತು."

ಅವಳು ಸ್ಟೂಲು ಎಳೆದು ಕೂತಳು. "ಕೊಂಡೋಳು ಅವನ ಹೆಂಡ್ತಿ. ಡೋರ್ಕಸ್. ಯಾವುದೋ ದೊಡ್ಡ ಮನೆ ಸಾಮಾನು ಹರಾಜಿಗೆ ಬಂದಾಗ ಹಿಡಿದಳಂತೆ. ಗಂಡನಿಗೆ ಗೊತ್ತಾಗಬಾರದು ಅಂತ ಇಲ್ಲೇ ಇಟ್ಟಿದ್ಲು. ಸಂತೆ ದಿನ ಬಂದಾಗೆಲ್ಲ ಇದೇ ಸ್ಟೂಲ್ ಮೇಲೆ ಕೂತು, ಹೊಳಪು ಬರ್ಲಿ ಅಂತ ಜಿಂಕೆ ಮೂಳೇಲಿ ಉಜ್ಜೋಳು. ಅಪ್ಪ ಹೇಳಿಕೊಟ್ಟಿದ್ರು. ಕೈಯೆಲ್ಲ ಮಸಿ. ಕೊನೇ ದಿನ ಕೇಳಿದ್ಲು, 'ವಿನ್ನಿ, ಇದು ಅವರ ಕರಿ ಕೋಟಿಗೆ ಚೆನ್ನಾಗಿರುತ್ತೆ ಅಲ್ವಾ?' ಅಂತ."

"ನೀನೇನಂದೆ?"

"ಚೆನ್ನಾಗಿರುತ್ತೆ ಅಂದೆ. ಅಷ್ಟು ಖುಷಿಯಾಗಿದ್ಲು, ಇನ್ನೇನು ಹೇಳ್ಲಿ? ಯಾರಾದ್ರೂ ಮೆತ್ತಗೆ ಕಿವೀಲಿ ಹೇಳ್ತಾರೆ, ಸರಿಹೋಗುತ್ತೆ ಅಂದ್ಕೊಂಡೆ." ಅವಳು ಮೊಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. "ನೀವು ಕಿವೀಲಿ ಹೇಳ್ಲಿಲ್ಲ. ಮಧ್ಯಾಹ್ನದೊಳಗೆ ಆ ಮಾತು ಈ ಅಂಗಡಿಗೆ ಬಂದಿತ್ತು. ಮಾರನೇ ದಿನ ಬೂಟು ಬಂತು. ಅವನೇ ತಂದ. 'ಇದಕ್ಕೆ ಒಪ್ಪೋ ಕೋಟು ಇರೋರಿಗೆ ಕೊಡಿ' ಅಂದ. ಮತ್ತೇನೂ ಅನ್ಲಿಲ್ಲ."

"ಹದಿನಾಲ್ಕು ವರ್ಷ ಯಾರೂ ಕೊಳ್ಳಲಿಲ್ವಾ?"

"ಯಾರಿಗೂ ತೋರಿಸ್ಲಿಲ್ಲ."

ಅಲ್ಲಿಂದ ಎದ್ದು ಹೋಗಬಹುದಿತ್ತು. ಬಾಗಿಲು ನಾಲ್ಕು ಹೆಜ್ಜೆ. ಹೊರಗೆ ಸಂತೆಯ ಗದ್ದಲ, ಯಾರೋ ಹಂದಿಮರಿಗಳನ್ನು ಗಾಡಿಯಿಂದ ಇಳಿಸುತ್ತಿದ್ದರು. ನಾಯಿಗೆ ಗದರಿಸುವ ಹಾಗೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಎನಕ್ ತನ್ನ ಬೂಟು ಕಳಚಿ, ಬೂಟು ಎಳೆದು ಹಾಕಿಕೊಳ್ಳುವ ಕೊಕ್ಕೆಗಳನ್ನು ಕೇಳಿ ತೆಗೆದುಕೊಂಡು, ಆ ಬೂಟಿನೊಳಗೆ ಕಾಲಿಟ್ಟ. ಬಲಗಾಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಎಡಗಾಲು ಅರ್ಧಕ್ಕೆ ನಿಂತು, ಎಳೆದಾಗ ಒಳಗೆ ಹೋಯಿತು; ಕಿರುಬೆರಳಿನ ಪಕ್ಕ ಹಲ್ಲು ಊರಿದ ಹಾಗೆ ಹಿಡಿಯಿತು. ಎದ್ದು ಎರಡು ಹೆಜ್ಜೆ ನಡೆದ. ಕನ್ನಡಿಯಲ್ಲಿ ಬೂಟು ಮಾತ್ರ ಕಾಣಿಸುತ್ತಿತ್ತು, ಮುಖವಿರಲಿಲ್ಲ.

"ಸರಿಯಾಗಿದೆಯಾ?"

"ಸರಿಯಾಗಿದೆ. ಕಟ್ಟಿಕೊಡು."

"ಕರ್ನಲ್ಲರ ಮನೆಯಿಂದ ಕೆಂಪು ಕೋಟು ಬಂದಿದೆ ಅಂತ ಕೇಳ್ದೆ" ಎಂದಳು ವಿನ್ನಿ, ಚೀಲದ ದಾರ ಬಿಗಿಯುತ್ತ. "ಅದಕ್ಕೆ ಒಪ್ಪುತ್ತೆ ಬಿಡಿ." ದನಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದರಿಂದಲೇ ಅವನಿಗೆ ನಾಟಿತು.

ಒಪ್ಪುತ್ತದೆ. ಅದೇ ತೊಂದರೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಯೋಚಿಸಿದ. ಕೆಂಪು ಕೋಟಿನ ಕೆಳಗೆ ಈ ಬೂಟು ಹಾಕಿಕೊಂಡು ಹ್ಯಾಕೆಟ್‌ನ ಗೇಟಿನ ಮುಂದೆ ಹೋಗಿ ನಿಂತರೆ, ಕೊನೆಗೂ ಒಪ್ಪುವ ಕೋಟಿನವನು ಸಿಕ್ಕ ಹಾಗಾಯಿತು. ನಗಿಸಿದವನೇ ಬೂಟನ್ನೂ ಹೊಡೆದುಕೊಂಡ ಹಾಗಾಯಿತು. ಕಪ್ಪು ಕೋಟು ಕಪ್ಪು ಬೂಟು ಹಾಕಿಕೊಂಡು ಹೋದರೆ ಯಾರಿಗೂ ಏನೂ ತೊಂದರೆಯಿಲ್ಲ, ಹದಿನಾಲ್ಕನೇ ಥ್ಯಾಂಕ್ಯು ಹೇಳಿ ಮುಂದೆ ಹೋಗಬಹುದು. ಅವನ ಮನೆಗೆ ಹೋಗಿ ಬಾಗಿಲು ಬಡಿದು ತಪ್ಪಾಯಿತೆನ್ನಬಹುದು. ಆದರೆ ನಾಲ್ಕು ಗೋಡೆ ನಡುವೆ ಆಡುವ ಮಾತು ಅದಲ್ಲ. ಎಲ್ಲರೆದುರು ಕೊಟ್ಟದ್ದನ್ನು ಅಡುಗೆಮನೆಯಲ್ಲಿ ವಾಪಸು ತಗೊಳ್ಳುವುದು ಹೇಡಿಗಳ ಕೆಲಸ, ಮತ್ತು ಎನಕ್ ಬ್ರಾಕ್ಸ್‌ಬಿ ಏನೇ ಆಗಿರಲಿ ಹೇಡಿಯಾಗಿರಲಿಲ್ಲ. ಐದಡಿ ಬೇಲಿಯ ಆಚೆ ಹಳ್ಳವಿದೆಯೆಂದು ಗೊತ್ತಿದ್ದೂ ಕುದುರೆಯನ್ನು ಹಾರಿಸಿದವನು. ಲೋ ಗಾರ್ಸಿನ ಗೇಟು ಬಂತು. ಈ ಸಲ ಅವನು ತಲೆ ತಿರುಗಿಸದೆ ಅದನ್ನು ನೋಡಿದ. ಗೇಟು ಮುಚ್ಚಿತ್ತು, ಅದರ ಮೇಲೆ ಒಂದು ಕಾಗೆ ಕೂತಿತ್ತು. ಮನೆ ತಲುಪುವ ಹೊತ್ತಿಗೆ ನಿರ್ಧಾರವಾಗಿತ್ತು, ಹಸಿವೂ ಆಗಿತ್ತು.

"ಕರಿ ಕೋಟಿಗೆ ಕಂದು ಪಟ್ಟಿನಾ?" ಎಡ್ನಾ ಕೈಯಲ್ಲಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟಳು. "ಹುಚ್ಚು ಗಿಚ್ಚು ಹಿಡೀತೇನ್ರೀ? ಯಾರಾದ್ರೂ ಹಾಗೆ ಬಂದ್ರೆ ವಾರಗಟ್ಟಲೆ ಆಡ್ಕೋತಿದ್ದೋರು ನೀವು!"

"ಅದಕ್ಕೇ."

ಅವನು ಹೇಳಿದ. ಬೂಟು ಯಾರದೆಂದು, ಯಾರು ಉಜ್ಜಿದ್ದೆಂದು. ಹೇಳುತ್ತ ಹೋದಂತೆ ಅವಳ ಮುಖದ ಸಿಟ್ಟು ಕರಗುತ್ತದೆಂದು ಕಾದ. ಕರಗಲಿಲ್ಲ, ಬೇರೆ ಏನೋ ಆಯಿತು. ಅವಳು ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತಳು. "ಆವತ್ತು ನೀವು ಮನೆಗೆ ಬಂದು ಆ ಮಾತು ಹೇಳಿದ್ರಿ" ಎಂದಳು. "ಊಟಕ್ಕೆ ಕೂತಾಗ. ಅವನ ಮುಖ ಹೇಗಾಯ್ತು ಅಂತ ಮಾಡಿ ತೋರಿಸಿದ್ರಿ. ನಾನು ನಕ್ಕೆ. ತಟ್ಟೆ ಬಿದ್ದೀತು ಅಂತ ಕೆಳಗಿಟ್ಟು ನಕ್ಕೆ." ಮುಖ ಮಾಡಿ ತೋರಿಸಿದ್ದು ಅವನಿಗೆ ಮರೆತೇ ಹೋಗಿತ್ತು. ಈಗ ತನ್ನ ಕೆನ್ನೆಯ ಸ್ನಾಯುಗಳೇ ಅದನ್ನು ನೆನೆಸಿಕೊಂಡವು, ಕೆಳತುಟಿ ಜೋತು ಬಿದ್ದು, ಕಣ್ಣು ಕೆಳಗಾಗಿ. ನಾಚಿಕೆಯಿಂದ ಅವನ ಮೈ ಬಿಸಿಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಎಡ್ನಾ ಮೇಲೆ ಹೋಗಿ ಕೆಂಪು ಕೋಟನ್ನು ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವ ಸದ್ದು ಕೇಳಿಸಿತು. ತುಂಬ ನಿಧಾನವಾಗಿ ಹಾಕುತ್ತಿದ್ದಳು. ಅವಳಿಗೆ ಅದು ಬೇಕಾಗಿತ್ತು, ಅವನಿಗಿಂತ ಹೆಚ್ಚು. ಕೆಳಗೆ ಬಂದಾಗ ಕಣ್ಣು ಕೆಂಪಾಗಿತ್ತು, ದನಿ ಎಂದಿನಂತಿತ್ತು. "ಕೂಟದ ಗುಂಡಿನಾದ್ರೂ ಕರಿ ಕೋಟಿಗೆ ಹೊಲೀಲಾ? ಕರ್ನಲ್ ಕೊಟ್ಟಿದ್ದಲ್ವಾ."

"ಛೇ, ಕರಿ ಕೋಟಿಗೆ ಹಿತ್ತಾಳೆ ಗುಂಡಿ ಹಾಕ್ತಾರೇನೇ? ಒಂದೇ ತಪ್ಪು ಇರ್ಬೇಕು. ಎರಡಾದ್ರೆ ಕುಡಿದು ಬಂದಿದಾನೆ ಅಂದ್ಕೋತಾರೆ."

"ತಪ್ಪು ಮಾಡೋದ್ರಲ್ಲೂ ನಿಮ್ಮ ಅಚ್ಚುಕಟ್ಟು" ಎಂದು ಅವಳು ಜಿಂಕೆ ಮೂಳೆ ಹುಡುಕಲು ಕಪಾಟಿಗೆ ಕೈ ಹಾಕಿದಳು. ಭಾನುವಾರ ಪೂರ್ತಿ ಇಬ್ಬರೂ ಅಡುಗೆಮನೆಯಲ್ಲಿ ಎದುರು ಬದುರು ಕೂತು ಒಂದೊಂದು ಬೂಟು ಉಜ್ಜಿದರು. ಎಡಗಾಲಿನದು ಅವಳ ಪಾಲಿಗೆ ಬಂದಿತ್ತು.

ಸೋಮವಾರ ಒಣ ಚಳಿಯಿತ್ತು, ಬಿಸಿಲು ಓರೆಯಾಗಿತ್ತು, ನರಿಯ ವಾಸನೆ ನೆಲದಲ್ಲಿ ನಿಲ್ಲುವಂಥ ದಿನ. ಕರ್ನಲ್ಲರ ಕುದುರೆ ಒಳ್ಳೆಯದು. ಅದರ ಬೆನ್ನಿನ ಮೇಲೆ ಅವನ ಬೆನ್ನು ಕಂಬದ ಹಾಗಿತ್ತು. ಚರ್ಚಿನ ಮುಂದಿನ ಹುಲ್ಲಿನ ಮೇಲೆ ನಲವತ್ತು ಐವತ್ತು ಸವಾರರು, ತಟ್ಟೆಗಳ ಮೇಲೆ ವೈನ್ ಲೋಟಗಳು, ಡೆನ್ನಿಸ್ ಸುತ್ತ ನಾಯಿಗಳು. ನಾಯಿಗಳು ಎನಕನನ್ನು ಕಂಡು ಅರ್ಧ ಓಡಿಬಂದು, ಡೆನ್ನಿಸ್ ಕೂಗಿದ ಮೇಲೆ ತಿರುಗಿ ಹೋದವು. ನಗು ಎಲ್ಲಿಂದ ಶುರುವಾದೀತೆಂದು ಅವನು ಕಾದ. ಕಣ್ಣುಗಳು ಒಂದೊಂದಾಗಿ ಕೋಟಿನಿಂದ ಬೂಟಿಗೆ ಇಳಿದವು, ಬೂಟಿನಿಂದ ಕೋಟಿಗೆ ಹತ್ತಿದವು. ಯಾರೂ ನಗಲಿಲ್ಲ.

"ಕೋಟು ಚಿಕ್ಕದಾಯ್ತಾ, ಮಿಸ್ಟರ್ ಬ್ರಾಕ್ಸ್‌ಬಿ?" ಕರ್ನಲ್ ಕುದುರೆ ಪಕ್ಕಕ್ಕೆ ತಂದು ಮೆತ್ತಗೆ ಕೇಳಿದರು. ಅವರಿಗೆ ನೋವಾಗಿತ್ತು.

"ಇಲ್ಲ ಸರ್. ಕೋಟು ನನಗಿಂತ ದೊಡ್ಡದು. ನಾಳೆ ಬಂದು ಎಲ್ಲಾ ಹೇಳ್ತೀನಿ."

ಕರ್ನಲ್ ಬೂಟು ನೋಡಿ ಕುದುರೆ ತಿರುಗಿಸಿದರು. ಪಕ್ಕದವರಿಗೆ ಅವರು ಹೇಳಿದ್ದು ಎನಕನಿಗೆ ಕೇಳಿಸಿತು: "ಬ್ರಾಕ್ಸ್‌ಬಿ ಹಾಕಿದಾನೆ ಅಂದ್ರೆ ಅದು ಸರಿಯೇ ಇರ್ಬೇಕು ಕಣಯ್ಯ. ನಮಗೆ ಗೊತ್ತಿಲ್ಲ ಅಷ್ಟೆ." ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ, ಪ್ರಿಸಿಲ್ಲಾ ಅಂತೇನೋ ಹೆಸರು, ಹತ್ತಿರ ಬಂದು ಕಣ್ಣರಳಿಸಿ, "ನಿವೃತ್ತ ಬೇಟೆಗಾರರು ಹೀಗೆ ಹಾಕೋದು ಹಳೇ ಪದ್ಧತಿಯಂತೆ, ಹೌದಾ? ಎಷ್ಟು ಚೆನ್ನಾಗಿದೆ!" ಎಂದಳು. ಎನಕನಿಗೆ ತಲೆ ತಿರುಗಿದ ಹಾಗಾಯಿತು. ಇದನ್ನು ಅವನು ಲೆಕ್ಕ ಹಾಕಿರಲಿಲ್ಲ. ಅವನ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ ಅವನ ತಪ್ಪು ತಪ್ಪಾಗಲು ಒಪ್ಪುತ್ತಿರಲಿಲ್ಲ. ಹ್ಯಾಕೆಟ್ ಹಾಕಿದರೆ ನಗು, ಅವನು ಹಾಕಿದರೆ ಪದ್ಧತಿ. ಮುಂದಿನ ವರ್ಷ ಯಾವನಾದರೂ ಇದನ್ನೇ ನೋಡಿ ಹೊಲಿಸಿಕೊಂಡು ಬಂದರೂ ಬಂದನೇ. ಬೂಟು ಒಳಗೆ ಕಿರುಬೆರಳನ್ನು ಕಡಿಯುತ್ತಿತ್ತು, ಹೊರಗೆ ಎಲ್ಲರೂ ಗೌರವದಿಂದ ನೋಡುತ್ತಿದ್ದರು.

ಲೋ ಗಾರ್ಸಿನ ಗೇಟು ಕಿರಿದು, ಒಬ್ಬೊಬ್ಬರೇ ಹೋಗಬೇಕು. ಮೂವತ್ತೊಂದು ವರ್ಷ ಎಲ್ಲರಿಗಿಂತ ಮೊದಲು ಹೋದವನು ಇವತ್ತು ಹತ್ತನೆಯವನೋ ಹನ್ನೆರಡನೆಯವನೋ ಆಗಿ ಸಾಲಿನಲ್ಲಿದ್ದ. ಡೆನ್ನಿಸ್, ನಾಯಿಗಳು, ಕರ್ನಲ್ ಒಳಗೆ ಹೋಗಿ ಆಗಿತ್ತು. ಹ್ಯಾಕೆಟ್ ಹೆಗಲ ಮೇಲೆ ಗೋಣಿಚೀಲ ಹೊದ್ದು, ರಬ್ಬರ್ ಬೂಟಿನಲ್ಲಿ, ಗೇಟು ಹಿಡಿದು ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು; ಹೋದ ವರ್ಷವೂ ಬೆಳ್ಳಗೇ ಇತ್ತೇನೋ, ಎನಕ್ ನೋಡಿರಲಿಲ್ಲ. ಮುಂದಿನ ಕುದುರೆ ದಾಟಿತು. ಎನಕನ ಕುದುರೆ ಬಂತು. ಹ್ಯಾಕೆಟ್ ಎಂದಿನಂತೆ ದೂರ ಹೋಗುತ್ತಿದ್ದ ನಾಯಿಗಳನ್ನು ನೋಡುತ್ತಿದ್ದ. ಆಮೇಲೆ ಅವನ ಕಣ್ಣು ಕುದುರೆಯ ಹೊಟ್ಟೆಯ ಪಕ್ಕ, ರಿಕಾಪಿನಲ್ಲಿದ್ದ ಕಾಲಿನ ಮೇಲೆ ಬಿತ್ತು. ಅಲ್ಲೇ ನಿಂತಿತು. ಅವನ ಕೈ ಗೇಟನ್ನು ನಿಧಾನವಾಗಿ ಅರ್ಧ ಮುಚ್ಚಿತು. ಹಿಂದೆ ಕುದುರೆಗಳು ಒಂದಕ್ಕೊಂದು ತಗುಲಿ ನಿಂತವು.

ಹ್ಯಾಕೆಟ್ ತಲೆಯೆತ್ತಿ, ಕಪ್ಪು ಕೋಟನ್ನು ಒಂದೊಂದು ಗುಂಡಿಯಾಗಿ ಹತ್ತಿ, ಕೊನೆಗೆ ಅವನ ಮುಖ ನೋಡಿದ. ಹದಿನಾಲ್ಕು ವರ್ಷದ ಮೇಲೆ.

"ಇದೇನ್ರಪ್ಪಾ" ಎಂದ ಹ್ಯಾಕೆಟ್, ಹೊಲದಾಚೆಗೂ ಕೇಳುವ ದನಿಯಲ್ಲಿ. "ಸೊಂಟದ ಮೇಲೆ ರೈತ, ಮೊಣಕಾಲ ಕೆಳಗೆ ಲಾರ್ಡು! ಯಾವ ಅರ್ಧಕ್ಕೆ ನಾನು ಗೇಟು ತೆಗೀಲಿ?"

ಗೇಟಿನ ಆಚೆಯಿಂದ ಮೊದಲು ನಕ್ಕವರು ಕರ್ನಲ್. ಆ ಮಾತು ಅವರಿಗೆ ನೆನಪಿರಲಿಲ್ಲ, ಹೊಸದಾಗಿ ಕೇಳಿದ ಹಾಗೆ ತಲೆ ಹಿಂದಕ್ಕೆ ಹಾಕಿ ನಕ್ಕರು. ಆಮೇಲೆ ತಡೆದುಕೊಂಡಿದ್ದ ಎಲ್ಲರೂ ನಕ್ಕರು, ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದದ್ದೆಲ್ಲ ಒಟ್ಟಿಗೆ ಬಂತು, ಪ್ರಿಸಿಲ್ಲಾ ಕೂಡ ಕೈಗವಸಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎನಕನ ಕಿವಿ ಸುಟ್ಟಿತು. ಇದು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಗು ಮುಂದಿನಿಂದ ಬರುವುದಿಲ್ಲ, ಬೆನ್ನಿನ ಮೇಲೆ ಬೀಳುತ್ತದೆ, ತಿರುಗಿ ನೋಡಿದರೆ ಇನ್ನೂ ಜೋರಾಗುತ್ತದೆ. ಕುದುರೆ ತಿರುಗಿಸಿಕೊಂಡು ಹೋಗಬೇಕೆ ಎಂದು ಅವನ ಕೈ ಲಗಾಮನ್ನು ಅರ್ಧ ಎಳೆದೂಬಿಟ್ಟಿತ್ತು. ಎಳೆದ ಕೈಯನ್ನು ನಿಲ್ಲಿಸಿದ. ಟೊಪ್ಪಿ ತೆಗೆದ, ತೋಳು ಪೂರ್ತಿ ಚಾಚಿ, ಕರ್ನಲ್ಲರಿಗೆ ತೆಗೆಯುತ್ತಿದ್ದ ಹಾಗೆ.

"ತಪ್ಪಾಯ್ತು, ಮಿಸ್ಟರ್ ಹ್ಯಾಕೆಟ್."

ಬೂಟಿನ ತಪ್ಪಿಗೆ ಹೇಳಿದನೆಂದುಕೊಂಡು ಹಿಂದಿನವರು ಇನ್ನೊಂದು ಸಲ ನಕ್ಕರು. ಹ್ಯಾಕೆಟ್ ನಗಲಿಲ್ಲ. ಗೇಟನ್ನು ಪೂರ್ತಿ ತೆರೆದು ಹಿಡಿದ. ಕುದುರೆ ಅವನ ಪಕ್ಕ ಬಂದಾಗ ಗೋಣಿಯ ಒಳಗಿಂದ ಕೈ ತೆಗೆದು, ಎಡಗಾಲಿನ ಬೂಟಿನ ಕಂದು ಪಟ್ಟಿಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದ. ಅವರಿಬ್ಬರಿಗೆ ಮಾತ್ರ ಕೇಳುವ ಹಾಗೆ ಕೇಳಿದ:

"ಎಡಗಾಲಿಂದು ಕಚ್ಚುತ್ತಾ?"

"ಕಚ್ಚುತ್ತೆ."

"ನಂಗೂ ಕಚ್ತಿತ್ತು" ಎಂದ ಹ್ಯಾಕೆಟ್. "ಅವಳಿಗೆ ಹೇಳಿರ್ಲಿಲ್ಲ."